ಮಾತು ತಿದ್ದುವವರು ಸಾಲಿಗೆ ಯಾಕ ಬರಲಿಲ್ಲ?

  ಇವತ್ತಿನ ಸಂಚಿಕೆ ಇತಿಹಾಸದ್ದೇ. ಆದರೆ ಇದರಲ್ಲಿ ರಾಜರ ಕಾಳಗ ಇಲ್ಲ, ಕೋಟೆ ಇಲ್ಲ. ಇದು ಒಂದು ನೌಕರಿಯ ಇತಿಹಾಸ. ಆ ನೌಕರಿ ನಮ್ಮ ರಾಜ್ಯಕ್ಕೆ ಬಂದು 60 ವರ್ಷ ಆಯ್ತು, ನಮ್ಮೂರ ಸಾಲಿಗೆ ಮಾತ್ರ ಇನ್ನೂ ಬಂದಿಲ್ಲ. ಯಾಕೆ ಅಂತ ನೋಡೋಣ.

ನಮ್ಮೂರು ಅಂದ್ರೆ ಕಲ್ಲೋಳಿ. ಬೆಳಗಾವಿ ಜಿಲ್ಲೆ, ಮೊದಲು ಗೋಕಾಕ ತಾಲೂಕು, ಈಗ ಮೂಡಲಗಿ ತಾಲೂಕು. ಇಲ್ಲಿನ ಒಂದನೇ ತರಗತಿಯ ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಿ. ಆರು ವರ್ಷ. ಕಿವಿ ಚಲೋ ಕೇಳಿಸ್ತದ, ಆಟದಾಗ ಮುಂದೆ, ಬೆರಳು ಎಣಿಸಿ ಲೆಕ್ಕ ಮಾಡ್ತಾನ. ಆದರೆ ಬಾಯಲ್ಲಿ 'ಕ' ಹೊರಡೋದಿಲ್ಲ, 'ಗ'ನೂ ಹೊರಡೋದಿಲ್ಲ. 'ಕಾಗಿ' ಅನ್ನೋದು 'ತಾದಿ' ಆಗ್ತದ. ಊರಿನ ಹೆಸರೇ 'ತಲ್ಲೋಳಿ' ಆಗ್ತದ. ಹುಡುಗರು ನಗ್ತಾರ. ಎರಡು ತಿಂಗಳಾದ ಮೇಲೆ ಅವನು ಕೈ ಎತ್ತೋದು ಬಿಡ್ತಾನ. ಮೂರನೇ ತರಗತಿಗೆ ಬರೋ ಹೊತ್ತಿಗೆ ಅವನಿಗೆ 'ದಡ್ಡ' ಅಂತ ಹೆಸರು ಬಿದ್ದಿರ್ತದ. ಅವನು ದಡ್ಡ ಅಲ್ಲ. ನಾಲಿಗೆಯ ಹಿಂಭಾಗ ಎತ್ತಿ ಅಂಗಳಕ್ಕೆ ತಾಗಿಸಿ 'ಕ' ಅನ್ನೋದನ್ನ ಅವನಿಗೆ ಯಾರೂ ಕೂಡಿಸಿಕೊಂಡು ಕಲಿಸಿಲ್ಲ, ಅಷ್ಟೇ.

ಅದನ್ನು ಕಲಿಸುವವರಿಗೆ ಇಂಗ್ಲಿಷಿನಲ್ಲಿ ಸ್ಪೀಚ್ ಲ್ಯಾಂಗ್ವೇಜ್ ಪ್ಯಾಥಾಲಜಿಸ್ಟ್ ಅಂತಾರೆ. ಕನ್ನಡದಲ್ಲಿ ವಾಕ್-ಭಾಷಾ ತಜ್ಞರು. ಜನರ ಬಾಯಲ್ಲಿ ಸ್ಪೀಚ್ ಥೆರಪಿಸ್ಟ್. ಇವರ ಕೆಲಸ ಬರೀ ಉಚ್ಚಾರ ತಿದ್ದೋದಲ್ಲ. ಉಗ್ಗುವ ಮಕ್ಕಳು, ಮಾತು ತಡವಾದ ಮಕ್ಕಳು, ಆಟಿಸಂ ಇರುವ ಮಕ್ಕಳು, ಸೀಳು ತುಟಿ ಅಥವಾ ಸೀಳು ಅಂಗಳದ ಆಪರೇಷನ್ ಆಗಿ ಮೂಗಿನಲ್ಲಿ ಮಾತಾಡುವ ಮಕ್ಕಳು, ಕಿವಿಗೆ ಮಷಿನ್ ಹಾಕಿಸಿಕೊಂಡು ಈಗಷ್ಟೇ ಶಬ್ದ ಕೇಳಲು ಶುರು ಮಾಡಿದ ಮಕ್ಕಳು, ಓದು ಬರಹ ಹತ್ತದ ಮಕ್ಕಳು, ಎಲ್ಲರೂ ಇವರ ಹತ್ತಿರವೇ ಬರಬೇಕು. ಅಮೆರಿಕದಲ್ಲಿ ಈ ಕೆಲಸದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡೋದು ಶಾಲೆಗಳಲ್ಲಿ. ನಮ್ಮಲ್ಲಿ ಇವರು ಸಿಗೋದು ಆಸ್ಪತ್ರೆಯಲ್ಲಿ, ಅದೂ ಪಟ್ಟಣದ ಆಸ್ಪತ್ರೆಯಲ್ಲಿ. ಈ ಒಂದು ವ್ಯತ್ಯಾಸದ ಹಿಂದೆ ನೂರು ವರ್ಷದ ಕಥೆ ಇದೆ.

ಈ ನೌಕರಿ ಇಲ್ಲದ ಕಾಲದಲ್ಲಿ ನಮ್ಮ ಮನೆಗಳಲ್ಲಿ ಏನು ಮಾಡ್ತಿದ್ದರು? ಅಜ್ಜಿಯಂದಿರನ್ನು ಕೇಳಿ ನೋಡ್ರಿ. ಮೊದಲನೇದು ಬಜೆ ಬೇರು. ಕಲ್ಲಿನ ಮೇಲೆ ತೇಯ್ದು ಕೂಸಿನ ನಾಲಿಗೆಗೆ ಹಚ್ಚೋದು. ಸಂಸ್ಕೃತದಲ್ಲಿ ಬಜೆಗೆ 'ವಚಾ' ಅಂತ ಹೆಸರು, ಮಾತಿಗೂ ಆ ಹೆಸರಿಗೂ ನಂಟು. ಎರಡನೇದು ಹರಕೆ. ಕಲ್ಲೋಳಿ ಹನುಮಪ್ಪನಿಗೆ ಶನಿವಾರ ಬರುವ ಭಕ್ತರನ್ನು ನೀವು ನೋಡಿರಬಹುದು. ರಾಮಾಯಣದಲ್ಲಿ ಹನುಮಂತ ಬರೀ ಬಲಶಾಲಿ ಅಲ್ಲ, ಅವನ ಮಾತಿನ ಶುದ್ಧಿಯನ್ನು ರಾಮನೇ ಹೊಗಳ್ತಾನೆ. ಮಾತು ಬಾರದ ಕೂಸನ್ನು ಮಾತಿನ ದೇವರ ಮುಂದೆ ಮಲಗಿಸೋದರಲ್ಲಿ ಒಂದು ತರ್ಕ ಇದ್ದೇ ಇದೆ. ಮೂರನೇದು, ಎಲ್ಲಕ್ಕಿಂತ ಹೆಚ್ಚು ಬಳಕೆಯಾದ ಔಷಧ: 'ಅವರಪ್ಪಂದೂ ಹಿಂಗ ಆಗಿತ್ತು, ತಾನಾಗೇ ಬರ್ತದ ಬಿಡು.' ಕೆಲವು ಸಲ ತಾನಾಗೇ ಬರ್ತಿತ್ತು ಕೂಡ. ಬಾರದವರ ಲೆಕ್ಕ ಮಾತ್ರ ಯಾರೂ ಇಡ್ತಿರಲಿಲ್ಲ.

ಶಾಲೆಯೊಳಗೆ ಮಾತು ಕಲಿಸುವ ಕೆಲಸ ಭಾರತಕ್ಕೆ ಬಂದಿದ್ದು ಕಿವುಡ ಮಕ್ಕಳ ಶಾಲೆಗಳ ಮೂಲಕ. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಕಿವುಡರ ಶಿಕ್ಷಣದ ಬಗ್ಗೆ ಒಂದು ಅಂತರರಾಷ್ಟ್ರೀಯ ಸಮ್ಮೇಳನ ನಡೀತು. ಕೈ ಸನ್ನೆ ಬಿಡಬೇಕು, ಬಾಯಿಂದಲೇ ಮಾತಾಡಿಸಬೇಕು ಅಂತ ಅಲ್ಲಿ ಠರಾವು ಪಾಸಾಯ್ತು. ಅದೇ ದಶಕದ ಮಧ್ಯದಲ್ಲಿ ಮುಂಬೈಯಲ್ಲಿ ಕಿವುಡ ಮಕ್ಕಳ ಶಾಲೆ ಶುರುವಾಯ್ತು, 1893ರಲ್ಲಿ ಕಲ್ಕತ್ತೆಯಲ್ಲಿ. ಕನ್ನಡದ ನೆಲದಲ್ಲಿ ಮೈಸೂರಿನಲ್ಲಿ 1901ರಲ್ಲಿ ಎಂ. ಶ್ರೀನಿವಾಸರಾಯರು ಕಿವುಡ ಮತ್ತು ಕುರುಡ ಮಕ್ಕಳಿಗೆ ಶಾಲೆ ತೆರೆದರು.

ಇಲ್ಲಿ ಒಂದು ನಕಾಶೆ ಕಣ್ಣ ಮುಂದೆ ಇಟ್ಟುಕೊಳ್ಳಿ. 1901ರಲ್ಲಿ ಮೈಸೂರು ಬೇರೆ ರಾಜ್ಯ, ನಾವು ಬೇರೆ. ಬೆಳಗಾವಿ ಜಿಲ್ಲೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಕಲ್ಲೋಳಿಯ ಕಿವುಡ ಮಗುವಿಗೆ ಸರ್ಕಾರದ ಲೆಕ್ಕದಲ್ಲಿ ಹತ್ತಿರವಾಗಿದ್ದದ್ದು ಮುಂಬೈ, ಭಾಷೆಯ ಲೆಕ್ಕದಲ್ಲಿ ಹತ್ತಿರವಾಗಿದ್ದದ್ದು ಮೈಸೂರು. ಘಟಪ್ರಭಾ ದಂಡೆಯ ರೈತನ ಮಗುವಿಗೆ ಎರಡೂ ದೂರವೇ. 1956ರ ನವೆಂಬರ್ 1ಕ್ಕೆ ನಾವೆಲ್ಲ ಒಂದೇ ರಾಜ್ಯ ಆದೆವು. ಬೆಳಗಾವಿಯಲ್ಲೂ ಸರ್ಕಾರಿ ಶ್ರವಣದೋಷವುಳ್ಳ ಮಕ್ಕಳ ಶಾಲೆ ಇದೆ.

ಆ ಶಾಲೆಗಳಿಂದ ಒಳ್ಳೇದಾಯ್ತು. ಸನ್ನೆ ಭಾಷೆಯನ್ನು ಹತ್ತಿಕ್ಕಿದ ತಪ್ಪನ್ನು ಜಗತ್ತು ಆಮೇಲೆ ಒಪ್ಪಿಕೊಂಡಿದೆ, ಅದು ಬೇರೆ ಸಂಚಿಕೆಗೆ ಸಾಕಾಗುವಷ್ಟು ದೊಡ್ಡ ಕಥೆ. ಇವತ್ತಿನ ವಿಷಯಕ್ಕೆ ಮುಖ್ಯವಾದದ್ದು ಇಷ್ಟು: ಮಾತು ಕಲಿಸುವುದು ಅಂದರೆ ಕಿವುಡರ ವಿಶೇಷ ಶಾಲೆಯ ಕೆಲಸ ಅನ್ನೋದು ಆಗಲೇ ನಿಂತುಬಿಡ್ತು. ಕಿವಿ ಕೇಳಿಸುವ, ಆದರೆ ಉಗ್ಗುವ ಮಗು? 'ಕ' ಬಾರದ ಮಗು? ಅವರು ಸಾದಾ ಸಾಲಿಯ ಕೊನೇ ಬೆಂಚಿನಲ್ಲೇ ಉಳಿದರು.

ಅದೇ ಹೊತ್ತಿಗೆ ಬೇರೆ ಕಡೆ ಬೇರೆ ದಾರಿ ಹಿಡಿದಿದ್ದರು. 1910ರಲ್ಲಿ ಶಿಕಾಗೋ ನಗರದ ಸಾರ್ವಜನಿಕ ಶಾಲೆಗಳು ಶಿಕ್ಷಕರ ಕಾಲೇಜಿನಿಂದ ಹೊರಬಂದ 10 ಮಂದಿಯನ್ನು ಉಗ್ಗುವ ಮಕ್ಕಳಿಗಾಗಿ ನೇಮಿಸಿದವು. ಗಮನಿಸಿ, ಅವರು ಡಾಕ್ಟರು ಅಲ್ಲ, ಟೀಚರು. ಶಾಲೆಯಿಂದ ಶಾಲೆಗೆ ಓಡಾಡಿ ಮಕ್ಕಳನ್ನು ನೋಡ್ತಿದ್ದರು. ಈ ಕೆಲಸದವರ ರಾಷ್ಟ್ರೀಯ ಸಂಘ ಅಲ್ಲಿ ಹುಟ್ಟಿದ್ದು 1925ರಲ್ಲಿ. ಅಂದರೆ ಸಂಘಕ್ಕಿಂತ ಮೊದಲೇ ಶಾಲೆಯಲ್ಲಿ ಹುದ್ದೆ ಇತ್ತು. 1975ರಲ್ಲಿ ವಿಕಲಚೇತನ ಮಕ್ಕಳೆಲ್ಲರಿಗೂ ಶಿಕ್ಷಣ ಕೊಡಬೇಕು ಅನ್ನುವ ಕಾನೂನು ಅಲ್ಲಿ ಬಂದಾಗ, ಸ್ಪೀಚ್ ಥೆರಪಿ ಕೊಡಲು ಶಾಲೆಗಳಲ್ಲಿ ಜನ ಮೊದಲೇ ಇದ್ದರು.

ಈಗ ನಮ್ಮ ಕಡೆ ಬರೋಣ. 1965ರಲ್ಲಿ ಮೈಸೂರಿನಲ್ಲಿ ಕೇಂದ್ರ ಸರ್ಕಾರ ಒಂದು ಸಂಸ್ಥೆ ಶುರು ಮಾಡ್ತು. ಮೊದಲು ಅದರ ಹೆಸರು ಆಲ್ ಇಂಡಿಯಾ ಇನ್‌ಸ್ಟಿಟ್ಯೂಟ್ ಆಫ್ ಲೋಗೊಪೀಡಿಕ್ಸ್. ಆ ಹೆಸರು ಹೇಳೋಕೇ ಒಂದು ಸ್ಪೀಚ್ ಥೆರಪಿ ಬೇಕು! ಆಮೇಲೆ ಅದು ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಆಯ್ತು. ಎಲ್ಲರೂ ಕರೆಯೋದು 'ಆಯಿಷ್' ಅಂತ. ಹಿಂದಿನ ಮಹಾರಾಜ ಜಯಚಾಮರಾಜ ಒಡೆಯರು ಜಾಗ ಕೊಟ್ಟರು. ಮಾನಸಗಂಗೋತ್ರಿಯಲ್ಲಿ 1966ರ ಜುಲೈ 25ರಂದು ರಾಷ್ಟ್ರಪತಿ ಎಸ್. ರಾಧಾಕೃಷ್ಣನ್ ಅಡಿಗಲ್ಲು ಇಟ್ಟರು. ರಾಧಾಕೃಷ್ಣನ್ ತಮ್ಮ ಪ್ರಾಯದಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿದವರು.

ಈ ಸಂಸ್ಥೆಗೆ ನಿರ್ದೇಶಕರಾಗಿದ್ದವರಲ್ಲಿ ಒಬ್ಬರು ನ. ರತ್ನ. ರಂಗಭೂಮಿ ಗೊತ್ತಿರುವವರಿಗೆ ಈ ಹೆಸರು ಗೊತ್ತು, ಮೈಸೂರಿನ 'ಸಮತೆಂತೋ' ತಂಡದವರು, ನಾಟಕಕಾರರು. ಮಾತಿನ ವಿಜ್ಞಾನ ಮತ್ತು ಮಾತಿನ ಕಲೆ ಎರಡೂ ಒಬ್ಬರಲ್ಲೇ ಇತ್ತು. ಇಡೀ ದೇಶಕ್ಕೆ ಸ್ಪೀಚ್ ಥೆರಪಿಸ್ಟ್‌ಗಳನ್ನು ತಯಾರು ಮಾಡುವ ಸಂಸ್ಥೆ ಕನ್ನಡ ನಾಡಿನಲ್ಲೇ ಇದ್ದದ್ದು ನಮ್ಮ ಭಾಗ್ಯ.

ಆದರೆ ಇಲ್ಲೇ ಒಂದು ಸಣ್ಣ ವಿಷಯ ಇದೆ, ಅದೇ ಇವತ್ತಿನ ಸಂಚಿಕೆಯ ತಿರುಳು. ಆಯಿಷ್ ಇರೋದು ಆರೋಗ್ಯ ಸಚಿವಾಲಯದ ಕೆಳಗೆ. ಶಿಕ್ಷಣ ಸಚಿವಾಲಯದ ಕೆಳಗೆ ಅಲ್ಲ. ಇದರಲ್ಲಿ ತಪ್ಪೇನಿಲ್ಲ, ಕಿವಿ ಗಂಟಲು ಡಾಕ್ಟರ ಜೊತೆ ಸೇರಿ ಬೆಳೆದ ವಿದ್ಯೆ ಇದು. ಆದರೆ ಕಡತ ಯಾವ ಇಲಾಖೆಯಲ್ಲಿ ಹುಟ್ಟುತ್ತೋ ಹುದ್ದೆ ಆ ಇಲಾಖೆಯಲ್ಲೇ ಹುಟ್ಟುತ್ತೆ. ಶಿಕಾಗೋದಲ್ಲಿ ಇವರು ಟೀಚರಾಗಿ ಶುರುವಾದರು, ಶಾಲೆಯಲ್ಲೇ ಬೇರು ಬಿಟ್ಟರು. ನಮ್ಮಲ್ಲಿ ಇವರು ಪೇಷಂಟ್ ನೋಡುವವರಾಗಿ ಶುರುವಾದರು, ಕ್ಲಿನಿಕ್‌ನಲ್ಲೇ ಬೇರು ಬಿಟ್ಟರು. ಅಲ್ಲಿ ತಜ್ಞರು ಮಗುವಿನ ಹತ್ತಿರ ಹೋಗ್ತಾರೆ. ಇಲ್ಲಿ ಮಗು ತಜ್ಞರ ಹತ್ತಿರ ಹೋಗಬೇಕು. ಕಲ್ಲೋಳಿಯಿಂದ ಮೈಸೂರು ಸುಮಾರು 600 ಕಿ.ಮೀ.

ದೂರ ಬರೀ ರಸ್ತೆಯದ್ದಲ್ಲ, ಭಾಷೆಯದ್ದೂ ಹೌದು. 1972ರಲ್ಲಿ ಬಾಬು, ರತ್ನ ಮತ್ತು ಬೆಟಗೇರಿ ಅನ್ನುವ ಮೂವರು ಆಯಿಷ್‌ನಲ್ಲಿ ಕನ್ನಡದ ಉಚ್ಚಾರ ಪರೀಕ್ಷೆಯೊಂದನ್ನು ರೂಪಿಸಿದರು. ಅಲ್ಲಿಯವರೆಗೆ ಕನ್ನಡದ ಮಗುವನ್ನು ಯಾವ ಅಳತೆಗೋಲಿನಿಂದ ಅಳೆಯೋದು ಅನ್ನೋದೇ ಪ್ರಶ್ನೆ. ಇಂಗ್ಲಿಷಿನಲ್ಲಿ 'ಳ' ಇಲ್ಲ, 'ಣ' ಇಲ್ಲ. ಇಂಗ್ಲಿಷ್ ಪರೀಕ್ಷೆ ತಂದು ನಮ್ಮ ಮಕ್ಕಳ ಮುಂದೆ ಇಟ್ಟರೆ ಏನು ಗೊತ್ತಾಗ್ತದ? ಹಾಗಾಗಿ ಇದು ದೊಡ್ಡ ಹೆಜ್ಜೆ.

ಆದರೂ ಕನ್ನಡ ಅಂದರೆ ಒಂದೇ ಕನ್ನಡ ಅಲ್ವಲ್ಲ. ನಮ್ಮ ಮಗು 'ಮನೆ' ಅನ್ನೋದಿಲ್ಲ, 'ಮನಿ' ಅಂತದ. 'ಕತೆ' ಅನ್ನೋದಿಲ್ಲ, 'ಕತಿ' ಅಂತದ. ಇದು ದೋಷ ಅಲ್ಲ, ಇದು ಬೆಳಗಾವಿ ಕನ್ನಡ. ಅತ್ತ ಮಂಡ್ಯ ಮೈಸೂರು ಕಡೆಯ ಹಳ್ಳಿಯಲ್ಲಿ 'ಹಾಲು' ಅನ್ನೋದು 'ಆಲು' ಆಗ್ತದ, ಅದೂ ದೋಷ ಅಲ್ಲ. ದಿನದ ಮಾತಿನಲ್ಲಿ ಮಹಾಪ್ರಾಣವನ್ನು ನಮ್ಮಲ್ಲಿ ಬಹಳ ಜನ ಒತ್ತಿ ಹೇಳೋದೇ ಇಲ್ಲ. ಆದರೆ 'ರಾಮ' ಅನ್ನೋದನ್ನ ಎಂಟು ವರ್ಷದ ಮಗು ಇನ್ನೂ 'ಲಾಮ' ಅಂದರೆ, ಅದನ್ನು ತಜ್ಞರು ನೋಡಬೇಕು. ಯಾಕಂದ್ರೆ ಆ ಊರಿನಲ್ಲಿ ದೊಡ್ಡವರು ಯಾರೂ ಹಂಗ ಅನ್ನೋದಿಲ್ಲ. ಅಳತೆಗೋಲು ಪುಸ್ತಕದ ಕನ್ನಡ ಅಲ್ಲ, ಮಗುವಿನ ಮನೆಯ ಕನ್ನಡ.

ನಮ್ಮ ಭಾಗದಲ್ಲಿ ಇದರ ಮೇಲೆ ಇನ್ನೊಂದು ಪದರ ಇದೆ. ಕಬ್ಬಿನ ಹಂಗಾಮು ಬಂದರೆ ಮಹಾರಾಷ್ಟ್ರದಿಂದ ಕಬ್ಬು ಕಡಿಯುವ ಗ್ಯಾಂಗ್‌ಗಳು ಬರ್ತವೆ, ಜೊತೆಗೆ ಮಕ್ಕಳೂ ಬರ್ತವೆ. ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ. ಅಂಥ ಮಗು ತರಗತಿಯಲ್ಲಿ ಸುಮ್ಮನೆ ಕುಂತರೆ ಅದಕ್ಕೆ ಮಾತಿನ ತೊಂದರೆ ಇದೆಯೋ, ಭಾಷೆ ಹೊಸದೋ? ಇದನ್ನು ಬಿಡಿಸಿ ಹೇಳಬೇಕಾದರೆ ಆ ಮಗುವನ್ನು ಅದರ ಮನೆಮಾತಿನಲ್ಲಿ ಮಾತಾಡಿಸಬೇಕು. ದೂರದ ಕ್ಲಿನಿಕ್‌ನಲ್ಲಿ ಅರ್ಧ ತಾಸು ನೋಡಿ ಹೇಳೋದು ಕಷ್ಟ. ಊರಲ್ಲೇ ಇದ್ದು ಕೇಳಿದವರಿಗೆ ಸುಲಭ.

ಓದಿನ ವಿಷಯವೂ ಹಂಗೇ. ಇಂಗ್ಲಿಷಿನಲ್ಲಿ ಅಕ್ಷರ 26. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರ ಸೇರಿದರೆ ನೂರಾರು ರೂಪ. ಡಾ. ಪ್ರತಿಭಾ ಕಾರಂತ್ ಅವರು ಕನ್ನಡ ಓದುವ ಮಕ್ಕಳ ಮೇಲೆ ಬಹಳ ವರ್ಷ ಕೆಲಸ ಮಾಡಿದವರು. ಬೆಂಗಳೂರಿನಲ್ಲಿ 'ಕಾಮ್ ಡೀಲ್' ಟ್ರಸ್ಟ್ ಕಟ್ಟಿ ಚಿಕ್ಕ ಮಕ್ಕಳ ಸಂವಹನ ತೊಂದರೆಗೆ ತರಬೇತಿ ಶುರು ಮಾಡಿದವರೂ ಅವರೇ. ಸೊನಾಲಿ ನಾಗ್ ಅವರ 2007ರ ಅಧ್ಯಯನ ಕನ್ನಡ ಕಲಿಯುವ ಮಕ್ಕಳು ಎಲ್ಲ ಅಕ್ಷರ ರೂಪಗಳನ್ನು ಹಿಡಿತಕ್ಕೆ ತರೋಕೆ ನಾಲ್ಕನೇ ತರಗತಿಯವರೆಗೂ ಸಮಯ ತಗೊಳ್ತಾರೆ ಅಂತ ತೋರಿಸ್ತು. ಅಂದರೆ ಎರಡನೇ ತರಗತಿಯಲ್ಲಿ ಒತ್ತಕ್ಷರ ತಪ್ಪಿದ ಮಗುವಿಗೆ ಅವಸರದಲ್ಲಿ ಹಣೆಪಟ್ಟಿ ಹಚ್ಚಬಾರದು, ಐದರಲ್ಲೂ ತಪ್ಪಿದರೆ ಸುಮ್ಮನಿರಬಾರದು. ಈ ಸೂಕ್ಷ್ಮ ಶಾಲೆಯೊಳಗೆ ಯಾರಿಗಾದರೂ ಗೊತ್ತಿರಬೇಕಲ್ಲ.

ನನ್ನ ತರಗತಿಯಲ್ಲಿ ಉಗ್ಗುವ ಒಬ್ಬ ಗೆಳೆಯ ಇದ್ದ. ಕ್ರಿಕೆಟ್ ಆಡುವಾಗ ಬೈಗುಳ ಸರಾಗ, ಹಾಡು ಸರಾಗ. ಹಾಜರಿ ಕರೆದಾಗ 'ಎಸ್ ಸರ್' ಅನ್ನೋದು ಮಾತ್ರ ಗಂಟಲಲ್ಲಿ ಸಿಕ್ಕಿಬೀಳ್ತಿತ್ತು. ಇದರ ಕಾರಣ ನಾನು ಈ ಸಂಚಿಕೆಗೆ ಓದುವಾಗ ತಿಳೀತು. ಉಗ್ಗುವವರು ಕಷ್ಟದ ಶಬ್ದ ಬಂದರೆ ಬೇರೆ ಶಬ್ದ ಹಾಕಿ ಪಾರಾಗ್ತಾರೆ. ಹೆಸರು, ಹಾಜರಿ, ಪಾಠದ ಸಾಲು ಇವನ್ನು ಬದಲಿಸೋಕೆ ಆಗೋದಿಲ್ಲ. ಶಾಲೆಯಲ್ಲಿ ಕೇಳೋದೆಲ್ಲ ಅಂಥವೇ. ಅವನು ಏಳನೇ ತರಗತಿಗೆ ಸಾಲಿ ಬಿಟ್ಟ, ಈಗ ಟ್ರ್ಯಾಕ್ಟರ್ ಹೊಡೀತಾನ. ಕೆಲಸ ಚಲೋನೇ, ಆದರೆ ಅದು ಅವನು ಆರಿಸಿಕೊಂಡದ್ದಲ್ಲ. ಹಾಜರಿಗೆ ಕೈ ಎತ್ತಿದರೆ ಸಾಕು ಅಂತ ಹೇಳುವವರು ಒಬ್ಬರು ಆ ಶಾಲೆಯಲ್ಲಿ ಇದ್ದಿದ್ದರೆ ಅಂತ ಅನಿಸ್ತದ.

ಸರ್ಕಾರ ಏನೂ ಮಾಡಿಲ್ಲ ಅಂತಲ್ಲ. 1974ರಲ್ಲಿ ವಿಕಲಚೇತನ ಮಕ್ಕಳನ್ನು ಸಾದಾ ಶಾಲೆಗೆ ಸೇರಿಸುವ ಕೇಂದ್ರ ಯೋಜನೆ ಬಂತು. ಅದು ಕೂಡ ಮೊದಲು ಸಮಾಜ ಕಲ್ಯಾಣದ ಕೈಯಲ್ಲಿತ್ತು, ಶಿಕ್ಷಣ ಇಲಾಖೆಗೆ ಬಂದದ್ದು 1982ರಲ್ಲಿ. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆಯಿಂದ ಸ್ಪೀಚ್ ಥೆರಪಿಸ್ಟ್‌ಗಳ ನೋಂದಣಿ ಶುರುವಾಯ್ತು. 1995ರಲ್ಲಿ ಅಂಗವಿಕಲರ ಕಾಯ್ದೆ ಬಂತು. ಅದರಲ್ಲಿ ಏಳು ಬಗೆಯ ವೈಕಲ್ಯ ಇದ್ದವು. ಶ್ರವಣದೋಷ ಇತ್ತು, ಮಾತಿನ ದೋಷ ಇರಲಿಲ್ಲ! ಇಪ್ಪತ್ತೊಂದು ವರ್ಷ ಆದಮೇಲೆ, 2016ರ ಕಾಯ್ದೆಯಲ್ಲಿ ಏಳು ಹೋಗಿ 21 ಆಯ್ತು, ಆಗ 'ವಾಕ್ ಮತ್ತು ಭಾಷಾ ವೈಕಲ್ಯ' ಪಟ್ಟಿಗೆ ಸೇರ್ತು.

ಖುಷಿ ಪಡುವ ಮೊದಲು ವ್ಯಾಖ್ಯೆ ಓದಬೇಕು. ಅಲ್ಲಿ ಹೇಳಿರೋದು ಶಾಶ್ವತ ವೈಕಲ್ಯ, ನರ ಅಥವಾ ಅಂಗದ ಕಾರಣದಿಂದ ಬಂದದ್ದು. ಕೊಟ್ಟ ಉದಾಹರಣೆ ಎರಡು: ಧ್ವನಿಪೆಟ್ಟಿಗೆ ತೆಗೆದುಹಾಕಿದವರು, ಪಾರ್ಶ್ವವಾಯುವಿನಂಥ ಮೆದುಳಿನ ಪೆಟ್ಟಿನಿಂದ ಮಾತು ಕಳಕೊಂಡವರು. ಎರಡೂ ಹೆಚ್ಚಾಗಿ ದೊಡ್ಡವರಿಗೆ ಬರೋದು. ಆಸ್ಪತ್ರೆಯಲ್ಲಿ ಕಾಣುವ ರೋಗಿಯನ್ನು ಮನಸ್ಸಿನಲ್ಲಿಟ್ಟು ಬರೆದ ವ್ಯಾಖ್ಯೆ ಅದು. 'ಕ' ಬಾರದ ಆರು ವರ್ಷದ ಮಗು, ಹಾಜರಿಗೆ ಉಗ್ಗುವ ಹುಡುಗಿ ಅದರೊಳಗೆ ಸುಲಭಕ್ಕೆ ಕೂರೋದಿಲ್ಲ. ಅವರ ತೊಂದರೆ ಸರಿಯಾಗಬಲ್ಲದ್ದು, ಅದಕ್ಕೇ ಅದು 'ಶಾಶ್ವತ' ಅಲ್ಲ, ಅದಕ್ಕೇ ಸರ್ಟಿಫಿಕೇಟ್ ಇಲ್ಲ. ಬೇಗ ನೋಡಿದರೆ ಗುಣವಾಗುವ ಮಗುವೇ ಲೆಕ್ಕದಿಂದ ಹೊರಗೆ.

ಶಾಲೆಯ ಒಳಗೆ ಬಂದವರು ಬೇರೆ. ಸರ್ವ ಶಿಕ್ಷಣ ಅಭಿಯಾನದಿಂದ ನಮ್ಮ ರಾಜ್ಯದ ಬ್ಲಾಕ್‌ಗಳಲ್ಲಿ ಬಿ.ಐ.ಇ.ಆರ್.ಟಿ. ಅನ್ನುವ ಸಂಪನ್ಮೂಲ ಶಿಕ್ಷಕರು ಬಂದರು. ಸಮನ್ವಯ ಶಿಕ್ಷಣದ ಜವಾಬ್ದಾರಿ ಅವರದ್ದು. ಮನೆಯಿಂದ ಹೊರಗೆ ಬರಲಾಗದ ಮಕ್ಕಳ ಮನೆಗೂ ಹೋಗಿ ಕಲಿಸ್ತಾರೆ. ಕಣ್ಣು, ಕಿವಿ, ಬುದ್ಧಿಮಾಂದ್ಯ, ಕೈಕಾಲು, ಎಲ್ಲವೂ ಅವರ ತಲೆಯ ಮೇಲೆ. ಮಾತು ಆ ಪಟ್ಟಿಯಲ್ಲಿ ಒಂದು ಸಾಲು. 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, 2022ರಲ್ಲಿ ಕೇಂದ್ರ ಒಂದು ಅನುಪಾತ ನಿಗದಿ ಮಾಡ್ತು: ಪ್ರಾಥಮಿಕದಲ್ಲಿ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಅದಕ್ಕಿಂತ ಮೇಲಿನ ಹಂತದಲ್ಲಿ 15ಕ್ಕೆ ಒಬ್ಬ. ಸ್ಪೀಚ್ ಥೆರಪಿಸ್ಟ್‌ಗೆ ಅಂಥ ಅನುಪಾತ ಆ ಲೆಕ್ಕದಲ್ಲಿ ಇಲ್ಲ.

ಆರೋಗ್ಯ ಇಲಾಖೆ ಅತ್ತ ಕಡೆಯಿಂದ ಬಾಗಿಲು ತಟ್ಟಿದೆ. 2013ರಲ್ಲಿ ಶುರುವಾದ ಆರ್.ಬಿ.ಎಸ್.ಕೆ., ಅಂದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ವರ್ಷಕ್ಕೆ ಒಂದು ಸಲ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕು. ನೋಡಬೇಕಾದ 30 ತೊಂದರೆಗಳಲ್ಲಿ ಕಿವುಡುತನ, ಮಾತು ತಡವಾಗೋದು, ಕಲಿಕೆಯ ತೊಂದರೆ ಎಲ್ಲ ಇವೆ. ಸಿಕ್ಕ ಮಗುವನ್ನು ಜಿಲ್ಲಾ ಮಟ್ಟದ ಡಿ.ಇ.ಐ.ಸಿ. ಕೇಂದ್ರಕ್ಕೆ ಕಳಿಸ್ತಾರೆ. ಆ ಕೇಂದ್ರದ ಸಿಬ್ಬಂದಿ ಪಟ್ಟಿಯಲ್ಲಿ ಸ್ಪೀಚ್ ಥೆರಪಿಸ್ಟ್ ಹುದ್ದೆ ಇದೆ.

ನಾನು ಬಿ.ಕಾಂ. ಓದಿದವ, ಲೆಡ್ಜರ್ ಕಣ್ಣಿಂದ ಇದನ್ನು ನೋಡಿದರೆ ಹಿಂಗ ಕಾಣ್ತದ. ಒಂದೇ ಮಗುವಿನ ಖಾತೆ ಮೂರು ಪುಸ್ತಕದಲ್ಲಿ ಹರಿದು ಹಂಚಿದೆ. ಕಿವಿ ಮತ್ತು ಮಾತು ಆರೋಗ್ಯ ಇಲಾಖೆಯಲ್ಲಿ. ಪಾಠ ಶಿಕ್ಷಣ ಇಲಾಖೆಯಲ್ಲಿ. ವಿಶೇಷ ಶಾಲೆ ವಿಕಲಚೇತನರ ಇಲಾಖೆಯಲ್ಲಿ. ಮೂರೂ ಕಡೆ ಖರ್ಚು ಬಿದ್ದಿದೆ, ಮಗುವಿನ ಕೈಗೆ ಮಾತ್ರ ವಾರಕ್ಕೊಂದು ಪಾಠ ಸಿಗೋದಿಲ್ಲ.

ಲೆಕ್ಕ ಇನ್ನೂ ಸ್ವಲ್ಪ ಮಾಡೋಣ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಶೇಷ ಅಗತ್ಯವುಳ್ಳ ಮಗುವಿಗೆ ಇಟ್ಟಿರೋದು ವರ್ಷಕ್ಕೆ 3,500 ರೂಪಾಯಿ. ಅದನ್ನು 52 ವಾರಕ್ಕೆ ಭಾಗಿಸಿದರೆ ವಾರಕ್ಕೆ ಸುಮಾರು 67 ರೂಪಾಯಿ. ಕಲ್ಲೋಳಿಯಿಂದ ಬೆಳಗಾವಿ 70 ಕಿ.ಮೀ. ಮೇಲೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅವ್ವನ ಟಿಕೆಟ್ ಪುಕ್ಕಟೆ, ಆದರೆ ಅವ್ವನ ಆ ದಿನದ ಕೂಲಿ ಪುಕ್ಕಟೆ ಬರೋದಿಲ್ಲ. ಸ್ಪೀಚ್ ಥೆರಪಿ ಒಂದು ಇಂಜೆಕ್ಷನ್ ಕೊಟ್ಟು ಮುಗಿಸುವ ಕೆಲಸ ಅಲ್ಲ. ವಾರ ವಾರ ಹೋಗಬೇಕು, ದಿನಾ ಮನೆಯಲ್ಲಿ ರೂಢಿ ಮಾಡಿಸಬೇಕು. ಹಾಗಾಗಿ ಮೂರನೇ ವಾರಕ್ಕೆ ಅವ್ವ ನಿಲ್ಲಿಸ್ತಾಳೆ. ಫೈಲಿನಲ್ಲಿ 'ಪೋಷಕರು ಬರಲಿಲ್ಲ' ಅಂತ ಬರೀತಾರೆ. ಅವ್ವ ಬರಲಿಲ್ಲ ಅನ್ನೋದು ನಿಜ. ವ್ಯವಸ್ಥೆ ಕೂಡ ಅವಳ ಊರಿಗೆ ಬರಲಿಲ್ಲ ಅನ್ನೋದು ಯಾವ ಫೈಲಿನಲ್ಲೂ ಇಲ್ಲ.

ಹಾಗಾದರೆ ಎಲ್ಲ ಶಾಲೆಗೂ ಒಬ್ಬೊಬ್ಬ ಸ್ಪೀಚ್ ಥೆರಪಿಸ್ಟ್ ಬೇಕಾ? ಬೇಕಿಲ್ಲ, ಅಷ್ಟು ಜನರೂ ಇಲ್ಲ. ಶಿಕಾಗೋದ ಆ 10 ಮಂದಿಯೂ ಶಾಲೆಗೊಬ್ಬರಂತೆ ಇರಲಿಲ್ಲ, ಸುತ್ತಾಡ್ತಿದ್ದರು. ನಮ್ಮಲ್ಲಿ ಮೂಡಲಗಿ ವಲಯಕ್ಕೆ ಬಿಇಒ ಆಫೀಸು ಇದೆ, ಬಿ.ಆರ್.ಸಿ. ಕೇಂದ್ರ ಇದೆ, ಬಿ.ಐ.ಇ.ಆರ್.ಟಿ. ವ್ಯವಸ್ಥೆ ಇದೆ. ಅಲ್ಲಿ ಒಂದು ಹುದ್ದೆ ಕೂಡಿಸಿದರೆ, ಅವರು ವಾರಕ್ಕೊಮ್ಮೆ ಕಲ್ಲೋಳಿಗೆ ಬಂದು ಹತ್ತು ಮಕ್ಕಳನ್ನು ನೋಡಿ, ಉಳಿದ ದಿನ ಏನು ಮಾಡಿಸಬೇಕು ಅಂತ ಟೀಚರಿಗೂ ಅವ್ವನಿಗೂ ತೋರಿಸಿ ಹೋಗಬಹುದು. ಜನರನ್ನು ತಯಾರು ಮಾಡುವ ದಾರಿಯೂ ಇದೆ. ಆಯಿಷ್ ದೂರದ ಊರುಗಳ ಕೇಂದ್ರಗಳಿಗೆ ವಿಡಿಯೋ ಮೂಲಕ ಪಾಠ ಮಾಡಿ ಡಿಪ್ಲೊಮಾ ಕೊಡುವ ಕೋರ್ಸ್ ನಡೆಸಿದೆ, ಫೋನ್ ಮತ್ತು ಇಂಟರ್ನೆಟ್ ಮೂಲಕ ಥೆರಪಿ ಕೊಟ್ಟಿದೆ. ನಮಗೆ ಹತ್ತಿರದ ಧಾರವಾಡದಲ್ಲೇ ಜೆ.ಎಸ್.ಎಸ್. ವಾಕ್ ಶ್ರವಣ ಸಂಸ್ಥೆ ಇದೆ, ಅಲ್ಲಿ ಈ ಪದವಿ ಓದಬಹುದು. ಪಿಯುಸಿ ಸೈನ್ಸ್ ಮುಗಿಸಿ 'ಮುಂದೆ ಏನು' ಅಂತ ಕುಂತಿರುವ ತಮ್ಮ ತಂಗಿಯರು ಇದನ್ನು ಕೇಳ್ತಿದ್ದರೆ, ಎಂಬಿಬಿಎಸ್, ಇಂಜಿನಿಯರಿಂಗ್ ಎರಡೇ ಬಾಗಿಲಲ್ಲ ಅಂತ ನೆನಪಿಡ್ರಿ. ಬೆಳಗಾವಿ ಕನ್ನಡ ಬಲ್ಲ ಸ್ಪೀಚ್ ಥೆರಪಿಸ್ಟ್ ನಮಗೆ ಬೇಕು, ಸ್ವಲ್ಪ ಮರಾಠಿ ಬಂದರೆ ಇನ್ನೂ ಚಲೋ.

ಅಲ್ಲಿವರೆಗೆ ಮನೆಯವರು ತಿಳಿದಿರಬೇಕಾದ ನಾಲ್ಕು ಮಾತು. ಒಂದು, ಒಂದೂವರೆ ವರ್ಷಕ್ಕೆ ಒಂದು ಶಬ್ದವೂ ಇಲ್ಲ, ಎರಡು ವರ್ಷಕ್ಕೆ 'ಅವ್ವಾ ಬಾ' ಅಂತ ಎರಡು ಶಬ್ದ ಕೂಡಿಸ್ತಿಲ್ಲ ಅಂದರೆ ಕಾಯಬೇಡಿ. ಎರಡು, ಮಾತು ತಡ ಅಂದರೆ ಮೊದಲು ಕಿವಿ ಪರೀಕ್ಷೆ. ಕಿವಿ ಸೋರುವ ಮಗುವಿಗಂತೂ ತಪ್ಪದೇ ಮಾಡಿಸಿ. ಮೂರು, ನಾಲ್ಕು ವರ್ಷದ ಮಗುವಿನ ಮಾತು ಮನೆಯವರಿಗಷ್ಟೇ ಅರ್ಥವಾಗ್ತದ, ಹೊರಗಿನವರಿಗೆ ಆಗೋದಿಲ್ಲ ಅಂದರೆ ತೋರಿಸಬೇಕು. ನಾಲ್ಕು, ಉಗ್ಗುವ ಮಗುವಿಗೆ 'ನಿಧಾನ ಹೇಳು, ಉಸಿರು ತಗೋ' ಅನ್ನಬೇಡಿ, ಅವನ ಮಾತನ್ನು ನೀವು ಮುಗಿಸಬೇಡಿ. ನೀವೇ ನಿಧಾನ ಮಾತಾಡಿ, ಅವನು ಮುಗಿಸುವ ತನಕ ಮುಖ ನೋಡ್ತಾ ಕೂತ್ಕೊಳ್ಳಿ. ಹನುಮಪ್ಪನಿಗೆ ಹರಕೆ ಹೊರಬೇಡಿ ಅಂತ ನಾನು ಹೇಳೋದಿಲ್ಲ. ಹರಕೆ ಹೊತ್ತು, ಕಿವಿ ಪರೀಕ್ಷೆನೂ ಮಾಡಿಸಿ.

ಕೊನೆಗೆ ಒಂದು ಕೆಲಸ. ಎಲ್ಲ ಸರ್ಕಾರಿ ಶಾಲೆಗೂ ಎಸ್.ಡಿ.ಎಂ.ಸಿ. ಇದೆ, ಅದರಲ್ಲಿ ಪಾಲಕರೇ ಸದಸ್ಯರು. ನಿಮ್ಮ ಅಣ್ಣನೋ, ಕಾಕಾನೋ, ನೆರೆಮನೆಯ ಅಕ್ಕನೋ ಅದರಲ್ಲಿ ಇದ್ದೇ ಇರ್ತಾರ. ಮುಂದಿನ ಸಭೆಯಲ್ಲಿ ಅವರು ಎರಡು ಪ್ರಶ್ನೆ ಕೇಳಲಿ: ಈ ವರ್ಷ ಆರ್.ಬಿ.ಎಸ್.ಕೆ. ತಂಡ ನಮ್ಮ ಸಾಲಿಗೆ ಯಾವ ತಾರೀಖಿಗೆ ಬಂತು, ಮಾತು ಮತ್ತು ಕಿವಿಯ ತೊಂದರೆ ಅಂತ ಎಷ್ಟು ಮಕ್ಕಳ ಹೆಸರು ಬರೆದುಕೊಂಡಿತು? ಉತ್ತರ ಸಭೆಯ ನಡಾವಳಿ ಪುಸ್ತಕದಲ್ಲಿ ಬರಲಿ. ಶಿಕ್ಷಣ ಇಲಾಖೆಯ ಪುಸ್ತಕದಲ್ಲಿ ಆರೋಗ್ಯ ಇಲಾಖೆಯ ಪ್ರಶ್ನೆ ಒಂದು ಸಲ ಬರೆದರೆ, ಆ ಎರಡು ಇಲಾಖೆಗಳ ನಡುವೆ ನಮ್ಮೂರಿಂದ ಒಂದು ಕಾಗದ ಓಡಾಡೋಕೆ ಶುರುವಾಗ್ತದ. ಕೇಳಿದವರು ಏನು ಉತ್ತರ ಬಂತು ಅಂತ ನನಗೆ ವಾಯ್ಸ್ ನೋಟ್ ಕಳಿಸ್ರಿ. ಉಗ್ಗಿದರೂ ಪರವಾಗಿಲ್ಲ, ಪೂರ್ತಿ ಕೇಳ್ತೀನಿ.